ಹಳೇ ಸ್ಟ್ರಾಟಜಿ ಗೇಮ್, ಹೊಸ ಲ್ಯಾಪ್‌ಟಾಪ್: ಯಾವ ಗೇಮ್‌ಗೆ ಯಾವ ದಾರಿ?

ಏಜ್ ಆಫ್ ಎಂಪೈರ್ಸ್, ರೆಡ್ ಅಲರ್ಟ್, ಸ್ಟಾರ್‌ಕ್ರಾಫ್ಟ್, ಹೀರೋಸ್, ಸಿವಿಲೈಸೇಶನ್. ಬ್ರೌಸಿಂಗ್ ಸೆಂಟರ್ ಮತ್ತು ಹಾಸ್ಟೆಲ್ ಕಾಲದಲ್ಲಿ ಕಂಪ್ಯೂಟರ್ ಮುಂದೆ ರಾತ್ರಿಗಳನ್ನು ಕಳೆದವರಿಗೆ ಈ ಹೆಸರುಗಳನ್ನು ಪರಿಚಯ ಮಾಡಿಕೊಡಬೇಕಿಲ್ಲ. ಇವುಗಳಲ್ಲಿ ಒಂದನ್ನು ಮತ್ತೆ ಆಡಬೇಕು ಅನ್ನಿಸಿದರೆ ಈಗ ನಾಲ್ಕೈದು ದಾರಿಗಳಿವೆ. ಹಳೇ ಸಿಡಿಯನ್ನೇ ಹೇಗೋ ಓಡಿಸಬಹುದು. ಜಿಒಜಿ ಅಥವಾ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗಳಲ್ಲಿ ಅದೇ ಹಳೇ ಗೇಮನ್ನು ಹೊಸದಾಗಿ ಕೊಳ್ಳಬಹುದು. ಕಂಪನಿಯವರೇ ಚಿತ್ರ, ಸದ್ದು ಎಲ್ಲ ಹೊಸದು ಮಾಡಿ ತಂದ ರಿಮಾಸ್ಟರ್ ತೆಗೆದುಕೊಳ್ಳಬಹುದು. ಅಭಿಮಾನಿಗಳು ಕೂತು ಬರೆದ ಓಪನ್ ಸೋರ್ಸ್ ಎಂಜಿನ್, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ, ಗೇಮ್ ಓಡಿಸುವ ಪ್ರೋಗ್ರಾಂ ಹಾಕಿಕೊಳ್ಳಬಹುದು. ಯಾವುದೂ ಆಗದಿದ್ದರೆ ಹೊಸ ಕಂಪ್ಯೂಟರ್ ಒಳಗೆ ಒಂದು ಹಳೇ ಕಂಪ್ಯೂಟರನ್ನೇ ಕಟ್ಟಬಹುದು.

ಇದರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಒಂದೇ ಮಾತಿನ ಉತ್ತರ ಇಲ್ಲ. "ರಿಮಾಸ್ಟರ್ ಬಂದಿದೆಯಲ್ಲ, ಅದನ್ನೇ ತಗೊಳ್ಳಿ" ಅನ್ನುವುದು ಏಜ್ ಆಫ್ ಎಂಪೈರ್ಸ್ 2ಕ್ಕೆ ಸರಿಯಾದ ಸಲಹೆ. ಅದೇ ಮಾತು ಹೀರೋಸ್ 3ಕ್ಕೆ ಪೂರ್ತಿ ತಪ್ಪು. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ಆಡುವುದಾದರೆ ಹಳೇ ಗೇಮನ್ನು ಕಡಿಮೆ ಬೆಲೆಗೆ ಕೊಂಡು, ಅದರ ಮೇಲೆ ಅಭಿಮಾನಿಗಳು ಮಾಡಿದ ಕೆಲಸವನ್ನು ಹಾಕಿಕೊಳ್ಳಿ. ರಿಮಾಸ್ಟರ್‌ಗೆ ದುಡ್ಡು ಕೊಡಬೇಕಾದವರು ಹೆಚ್ಚಾಗಿ ಆನ್‌ಲೈನ್‌ನಲ್ಲಿ ಜನರ ಜೊತೆ ಆಡುವವರು. ಇದನ್ನು ಮುರಿಯುವ ಗೇಮ್‌ಗಳೂ ಇವೆ. ಅವು ಮುಂದೆ ಬರುತ್ತವೆ.

ಸಿಡಿ ಹಾಕಿದರೆ ಯಾಕೆ ಓಡಲ್ಲ?

ದಾರಿ ಆರಿಸುವ ಮೊದಲು ನಿಮ್ಮ ಗೇಮ್ ಯಾವ ಕಾಲದ್ದು ಅಂತ ನೋಡಿ. ತೊಂದರೆ ಯಾವುದು ಅನ್ನುವುದು ಅದರ ಮೇಲೆಯೇ ನಿಂತಿದೆ.

ವಿಂಡೋಸ್‌ಗೆ ಮುಂಚಿನ ಡಾಸ್ ಎಂಬ ವ್ಯವಸ್ಥೆಯ ಗೇಮ್‌ಗಳು ಎಲ್ಲಕ್ಕಿಂತ ಹಳೆಯವು, ಆದರೆ ಓಡಿಸಲು ಎಲ್ಲಕ್ಕಿಂತ ಸುಲಭ. 1991ರ ಮೊದಲ ಸಿವಿಲೈಸೇಶನ್, 1992ರ ಡ್ಯೂನ್ 2, 1994ರ ಮೊದಲ ವಾರ್‌ಕ್ರಾಫ್ಟ್ ಈ ಸಾಲಿನವು. ಡಾಸ್‌ಬಾಕ್ಸ್ ಎಂಬ ಉಚಿತ ಪ್ರೋಗ್ರಾಂ ಆ ಕಾಲದ ಪ್ರೊಸೆಸರ್, ಸೌಂಡ್ ಕಾರ್ಡ್, ಡಿಸ್‌ಪ್ಲೇ ಎಲ್ಲದರ ಪಾತ್ರವನ್ನೂ ತಾನೇ ವಹಿಸುತ್ತದೆ. ಹೊರಗಿರುವುದು ವಿಂಡೋಸೋ ಮ್ಯಾಕೋ ಗೇಮ್‌ಗೆ ಗೊತ್ತೇ ಆಗುವುದಿಲ್ಲ. ಓಟ ಜಾಸ್ತಿ ಅನ್ನಿಸಿದರೆ ಕಂಟ್ರೋಲ್ ಮತ್ತು ಎಫ್11 ಒತ್ತಿ, ಕಡಿಮೆ ಅನ್ನಿಸಿದರೆ ಕಂಟ್ರೋಲ್ ಮತ್ತು ಎಫ್12. ಹೊಸದಾಗಿ ಹಾಕಿಕೊಳ್ಳುವವರು ಡಾಸ್‌ಬಾಕ್ಸ್ ಸ್ಟೇಜಿಂಗ್ ಎಂಬ ಕವಲನ್ನು ಹಾಕಿಕೊಳ್ಳುವುದು ವಾಸಿ. ಮೂಲ ಡಾಸ್‌ಬಾಕ್ಸ್‌ಗೆ ಹೊಸ ಆವೃತ್ತಿ ಬಂದು ವರ್ಷಗಳಾದವು.

ತಲೆನೋವು ಶುರುವಾಗುವುದು ಆಮೇಲೆ. ವಿಂಡೋಸ್‌ಗೆ ಮೊದಮೊದಲು ಬಂದ 16-ಬಿಟ್ ಗೇಮ್‌ಗಳು 64-ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ. 1996ರ ಸಿವಿಲೈಸೇಶನ್ 2ರ ಮೊದಲ ಆವೃತ್ತಿ ಇಂಥದ್ದು. ಮುಂಚೆ 32-ಬಿಟ್ ವಿಂಡೋಸ್ ಹಾಕಿಕೊಂಡು ತಪ್ಪಿಸಿಕೊಳ್ಳಬಹುದಿತ್ತು. ವಿಂಡೋಸ್ 11ರಲ್ಲಿ 32-ಬಿಟ್ ಅನ್ನುವುದೇ ಇಲ್ಲ. ಇನ್ನೊಂದು ಕಿರಿಕಿರಿ ಏನೆಂದರೆ, ಗೇಮ್ 32-ಬಿಟ್ ಆಗಿದ್ದರೂ ಅದರ ಸೆಟಪ್ ಫೈಲ್ ಮಾತ್ರ 16-ಬಿಟ್ ಆಗಿರಬಹುದು. ಸೆಟಪ್ ಓಡಲಿಲ್ಲ ಅಂತ ಗೇಮನ್ನೇ ಕೈಬಿಡಬೇಡಿ. ಸಿಡಿಯಿಂದ ಫೈಲ್‌ಗಳನ್ನು ಕಾಪಿ ಮಾಡಿದರೆ ಎಷ್ಟೋ ಗೇಮ್‌ಗಳು ಎದ್ದು ಕೂರುತ್ತವೆ.

1997ರಿಂದ 2001ರವರೆಗಿನ 2ಡಿ ಗೇಮ್‌ಗಳದ್ದು ಬೇರೆ ಕತೆ. ಏಜ್ ಆಫ್ ಎಂಪೈರ್ಸ್, ಸ್ಟಾರ್‌ಕ್ರಾಫ್ಟ್ ಎಲ್ಲ 256 ಬಣ್ಣಗಳ ಪಟ್ಟಿ ಇಟ್ಟುಕೊಂಡು ವಿಂಡೋಸ್‌ನ ಡೈರೆಕ್ಟ್‌ಡ್ರಾ ಎಂಬ ವ್ಯವಸ್ಥೆಯ ಮೂಲಕ ಚಿತ್ರ ಬಿಡಿಸುತ್ತಿದ್ದವು. ವಿಂಡೋಸ್ ವಿಸ್ಟಾ, 7ರ ಕಾಲದಲ್ಲಿ ಆ ಪಟ್ಟಿ ಕಲಸಿಹೋಗಿ ಹುಲ್ಲು, ನೀರು ಎಲ್ಲ ಬಣ್ಣಗೆಟ್ಟು ಕಾಣುತ್ತಿದ್ದವು. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸ್‌ಪ್ಲೋರರ್ ನಿಲ್ಲಿಸಿ ಗೇಮ್ ಶುರು ಮಾಡಿದ್ದು ನೆನಪಿದೆಯಾ? ಆ ಸರ್ಕಸ್ ಇದಕ್ಕೇ. ಈಗ ಅದು ಬೇಡ. ಸಿಎನ್‌ಸಿ-ಡಿಡ್ರಾ ಎಂಬ ಉಚಿತ ಡಿಎಲ್‌ಎಲ್ ಫೈಲನ್ನು ಗೇಮ್ ಫೋಲ್ಡರ್‌ಗೆ ಹಾಕಿದರೆ ಬಣ್ಣವೂ ಸರಿಯಾಗುತ್ತದೆ, ಚಿತ್ರ ದೊಡ್ಡ ಸ್ಕ್ರೀನ್‌ಗೂ ಹೊಂದುತ್ತದೆ. ಅದು ಒಪ್ಪದ ಗೇಮ್‌ಗೆ ಡಿಜಿವೂಡೂ 2 ಇದೆ. ಹಳೇ 3ಡಿ ಕಾರ್ಡ್‌ಗಳನ್ನು ಬೇಡುವ ಗೇಮ್‌ಗೂ ಅದು ಆಗುತ್ತದೆ.

2002ರಿಂದೀಚಿನ ವಾರ್‌ಕ್ರಾಫ್ಟ್ 3, ರೈಸ್ ಆಫ್ ನೇಶನ್ಸ್, ಕಮಾಂಡ್ ಅಂಡ್ ಕಾಂಕರ್ ಜನರಲ್ಸ್ ಥರದವು ಬಹುಪಾಲು ಓಡುತ್ತವೆ. ಅಲ್ಲಿ ಅಡ್ಡಿಯಾಗುವುದು ಸಿಡಿಯ ಬೀಗ. ಆ ಕಾಲದ ಎಷ್ಟೋ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಎಂಬ ಕಾಪಿ ತಡೆ ಇತ್ತು. ಅದು ವಿಂಡೋಸ್‌ನ ಒಳಗೆ ಒಂದು ಡ್ರೈವರ್ ಇಟ್ಟು ಕೆಲಸ ಮಾಡುತ್ತಿತ್ತು. ಭದ್ರತೆಗೆ ಅದು ಅಪಾಯ ಅಂತ ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರಿಂದ ಅದನ್ನು ಹೊರಗಿಟ್ಟಿತು. ಹಳೇ ವಿಂಡೋಸ್‌ಗಳಲ್ಲೂ ಅಪ್‌ಡೇಟ್ ಕಳಿಸಿ ನಿಲ್ಲಿಸಿತು. ಹಾಗಾಗಿ ನೀವು ದುಡ್ಡು ಕೊಟ್ಟು ಕೊಂಡ ಅಸಲಿ ಸಿಡಿಯೇ ಓಡದೆ ಇರಬಹುದು.

ನಮ್ಮಲ್ಲಿ ಅಸಲಿ ಸಿಡಿ ಕೊಂಡವರು ಎಷ್ಟು ಜನ ಅನ್ನುವುದು ಬೇರೆ ಮಾತು ಬಿಡಿ. ಆಗ ಕೈಯಿಂದ ಕೈಗೆ ಓಡಾಡುತ್ತಿದ್ದದ್ದು ಹೆಚ್ಚಾಗಿ ರಿಪ್ ಮಾಡಿದ ಗೇಮ್. ಜಾಗ ಉಳಿಸಲು ವಿಡಿಯೋ, ಹಾಡು ಎಲ್ಲ ಕಿತ್ತು ಬರೀ ಆಟ ಉಳಿಸಿರುತ್ತಿದ್ದರು. ರೆಡ್ ಅಲರ್ಟ್ 2ರಲ್ಲಿ ಪ್ರತಿ ಮಿಷನ್‌ಗೂ ಮುಂಚೆ ನಟರು ಬಂದು ಮಾತಾಡುವ ವಿಡಿಯೋ ಇದೆ ಅನ್ನುವುದು ತುಂಬಾ ಜನಕ್ಕೆ ತಡವಾಗಿ ಗೊತ್ತಾಗಿದ್ದು ಹೀಗೆ. ಅಂಥವರಿಗೆ ಪೂರ್ತಿ ಗೇಮ್ ಕೊಂಡು ಆಡಲು ಇದೊಂದೇ ಕಾರಣ ಸಾಕು.

ಏಜ್ ಆಫ್ ಎಂಪೈರ್ಸ್ 2: ಇಲ್ಲಿ ದುಡ್ಡು ಬಿಚ್ಚಿ

1999ರಲ್ಲಿ ಏಜ್ ಆಫ್ ಕಿಂಗ್ಸ್ ಬಂತು, 2000ದಲ್ಲಿ ಕಾಂಕರರ್ಸ್. 2013ರಲ್ಲಿ ಸ್ಟೀಮ್‌ಗೆ ಎಚ್‌ಡಿ ಆವೃತ್ತಿ ಬಂತು. 2019ರ ನವೆಂಬರ್‌ನಲ್ಲಿ ಡೆಫಿನಿಟಿವ್ ಎಡಿಷನ್. ಎಚ್‌ಡಿಯನ್ನು ಈಗ ಹೊಸದಾಗಿ ಕೊಳ್ಳಲು ಕಾರಣವೇ ಇಲ್ಲ, ಅದನ್ನು ಮರೆತುಬಿಡಿ. ಹಾಗಾಗಿ ಹೋಲಿಕೆ ಇರುವುದು ಹಳೇ ಸಿಡಿಗೂ ಡೆಫಿನಿಟಿವ್‌ಗೂ ನಡುವೆ.

ಡೆಫಿನಿಟಿವ್ ಗೆಲ್ಲುವುದು ಚಿತ್ರದಿಂದಲ್ಲ. ಸಣ್ಣ ಸಣ್ಣ ಅನುಕೂಲಗಳಿಂದ. ಹಳೆಯದರಲ್ಲಿ ಮುಂಚೆಯೇ ಸರದಿ ಹಾಕಿಡದಿದ್ದರೆ, ಹೊಲ ಮುಗಿದಾಗ ಹಳ್ಳಿಯವನು ಸುಮ್ನೆ ನಿಂತಿರುತ್ತಿದ್ದ. ಯುದ್ಧದ ನಡುವೆ ಅದನ್ನು ನೋಡಿಕೊಳ್ಳುವುದೇ ಒಂದು ಕೆಲಸವಾಗಿತ್ತು. ಈಗ ಹೊಲ ತಾನೇ ಮತ್ತೆ ಬಿತ್ತನೆಯಾಗುತ್ತದೆ. ನಕ್ಷೆಯನ್ನು ಹತ್ತಿರಕ್ಕೂ ದೂರಕ್ಕೂ ಎಳೆಯಬಹುದು. ಹಳೇ ಎಐ, ಅಂದರೆ ಕಂಪ್ಯೂಟರ್ ಎದುರಾಳಿ, ಕಷ್ಟದ ಮಟ್ಟದಲ್ಲಿ ಸುಮ್ಮನೆ ಹೆಚ್ಚುವರಿ ಸಂಪತ್ತು ಪಡೆದು ಮೋಸ ಮಾಡುತ್ತಿತ್ತು. ಹೊಸದು ಮೋಸ ಮಾಡದೆಯೇ ನಿಮ್ಮನ್ನು ಹಣ್ಣು ಮಾಡುತ್ತದೆ. ಆರ್ಟ್ ಆಫ್ ವಾರ್ ಎಂಬ ಪಾಠಗಳಿವೆ. ಮೊದಲ ನಿಮಿಷಗಳಲ್ಲಿ ಕುರಿ, ಮರ, ಮನೆ ಯಾವುದನ್ನು ಯಾವಾಗ ನೋಡಬೇಕು ಅಂತ ಅವು ಕೂರಿಸಿ ಕಲಿಸುತ್ತವೆ. ಹಳೆಯದನ್ನು ವರ್ಷಗಟ್ಟಲೆ ಆಡಿದವರೂ ಒಂದು ಸಲ ಆ ಪಾಠಕ್ಕೆ ಕೂತು ನೋಡಿ. ನಾವೆಲ್ಲ ಎಷ್ಟು ನಿಧಾನ ಆಡುತ್ತಿದ್ದೆವು ಅಂತ ಗೊತ್ತಾಗುತ್ತದೆ.

ಕಾಂಕರರ್ಸ್‌ನಲ್ಲಿ 18 ನಾಗರಿಕತೆಗಳಿದ್ದವು. ಡೆಫಿನಿಟಿವ್ ಶುರುವಾಗಿದ್ದೇ 35ರಿಂದ. 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ, ಅದುವರೆಗೆ ಇಂಡಿಯನ್ಸ್ ಅಂತ ಒಂದೇ ಆಗಿದ್ದದ್ದನ್ನು ಬಿಡಿಸಿ ಹಿಂದುಸ್ತಾನೀಸ್, ಗುರ್ಜರಾಸ್, ಬೆಂಗಾಲಿಸ್, ದ್ರಾವಿಡಿಯನ್ಸ್ ಅಂತ ನಾಲ್ಕು ಮಾಡಿತು. ರಾಜೇಂದ್ರ ಚೋಳನ ಮೇಲೆ ಒಂದು ಕ್ಯಾಂಪೇನ್ (ಕತೆಯಾಗಿ ಸಾಗುವ ಮಿಷನ್‌ಗಳ ಸಾಲು) ಕೂಡ ಇದೆ. ಚಾಲುಕ್ಯರು, ಹೊಯ್ಸಳರು, ವಿಜಯನಗರದವರು ಬೇರೆಯಾಗಿ ಇಲ್ಲ. ದಕ್ಷಿಣದವರೆಲ್ಲ ದ್ರಾವಿಡಿಯನ್ಸ್ ಅನ್ನುವ ಒಂದೇ ಚೀಲದಲ್ಲಿ. ಅವರಿಗೆ ಹಡಗು, ಕಾಲಾಳು ಬಲ. ನೈಟ್ ಕುದುರೆ ಸವಾರರು ಇಲ್ಲವೇ ಇಲ್ಲ. ಕುದುರೆ ನಂಬಿ ಆಡುವವರು ಮೊದಲ ಸಲಕ್ಕೆ ಇದನ್ನು ಆರಿಸಬೇಡಿ.

ಹಾಗಾದರೆ ಸಿಡಿ ಯಾರಿಗೆ? ಲ್ಯಾಪ್‌ಟಾಪ್ ತೀರಾ ಹಳೆಯದಾಗಿರುವವರಿಗೆ. ಡೆಫಿನಿಟಿವ್‌ಗೆ 30 ಜಿಬಿ ಜಾಗ ಬೇಕು, ಹಳೆಯದು ಒಂದು ಸಿಡಿಯಷ್ಟು. ಇನ್ನು ಇಂಟರ್ನೆಟ್ ಇಲ್ಲದೆ ಬರೀ ಕೇಬಲ್ ಹಾಕಿ ನಾಲ್ಕು ಜನ ಆಡುವುದಿದ್ದರೂ ಹಳೆಯದೇ ಸಲೀಸು. ಅದಕ್ಕೆ ವಿಂಡೋಸ್ ಫೀಚರ್ಸ್‌ಗೆ ಹೋಗಿ ಡೈರೆಕ್ಟ್‌ಪ್ಲೇ ಎಂಬುದಕ್ಕೆ ಟಿಕ್ ಹಾಕಬೇಕು. ಅದರ ಮೇಲೆ ಯೂಸರ್‌ಪ್ಯಾಚ್ ಹಾಕಿದರೆ ಅಗಲ ಸ್ಕ್ರೀನ್ ಬರುತ್ತದೆ, ಬಣ್ಣದ ತೊಂದರೆಯೂ ಹೋಗುತ್ತದೆ. 1999ರ ಆವೃತ್ತಿ ಜಿಒಜಿಯಲ್ಲಿ ಇಲ್ಲ. ಆದ್ದರಿಂದ ಸಿಡಿ ಇಟ್ಟುಕೊಂಡವರಿಗೆ ಮಾತ್ರ ಈ ಭಾಗ್ಯ.

ಹೀರೋಸ್ 3: ಹೊಳೆಯುವುದನ್ನು ಬಿಡಿ

ಇದು ಮೇಲಿನದಕ್ಕೆ ನೇರ ಉಲ್ಟಾ. ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಕೂಡ 1999ರದ್ದೇ. 2015ರಲ್ಲಿ ಯೂಬಿಸಾಫ್ಟ್ ಇದರ ಎಚ್‌ಡಿ ಆವೃತ್ತಿ ತಂದಿತು. ಚಿತ್ರಗಳು ಚೆನ್ನಾಗಿವೆ. ಆದರೆ ಅದರಲ್ಲಿ ಮೂಲ ಗೇಮ್ ಮಾತ್ರ ಇದೆ. ಆರ್ಮಗೆಡ್ಡನ್ಸ್ ಬ್ಲೇಡ್, ಶ್ಯಾಡೋ ಆಫ್ ಡೆತ್ ಎಂಬ ಎರಡು ವಿಸ್ತರಣೆಗಳು ಇಲ್ಲ. ವಿಸ್ತರಣೆ ಇಲ್ಲ ಅಂದರೆ ಅದರ ಜೊತೆ ಬಂದಿದ್ದ ರ್‍ಯಾಂಡಮ್ ನಕ್ಷೆ ಕೂಡ ಇಲ್ಲ. ಹೀರೋಸ್ ಆಡುವವರಿಗೆ ರ್‍ಯಾಂಡಮ್ ನಕ್ಷೆ ಇಲ್ಲದಿದ್ದರೆ ಉಳಿದದ್ದೇನು?

ಜಿಒಜಿಯಲ್ಲಿ ಹೀರೋಸ್ 3 ಕಂಪ್ಲೀಟ್ ಅಂತ ಸಿಗುತ್ತದೆ. ವಿಸ್ತರಣೆಗಳೆರಡೂ ಅದರಲ್ಲಿವೆ. ಅದನ್ನು ಕೊಂಡು, ಅದರ ಮೇಲೆ ಹಾರ್ನ್ ಆಫ್ ದಿ ಅಬಿಸ್ ಎಂಬ ಉಚಿತ ವಿಸ್ತರಣೆ ಹಾಕಿ. ಅಭಿಮಾನಿಗಳು ಮಾಡಿದ್ದು ಅಂತ ಹೇಳದಿದ್ದರೆ ಗೊತ್ತಾಗದಷ್ಟು ಅಚ್ಚುಕಟ್ಟು. ಕಡಲ್ಗಳ್ಳರ ಕೋವ್, ಯಂತ್ರಗಳ ಫ್ಯಾಕ್ಟರಿ ಎಂಬ ಹೊಸ ಪಟ್ಟಣಗಳಿವೆ. ಸಮತೋಲನವನ್ನೂ ಸರಿಮಾಡಿದ್ದಾರೆ. ಎಚ್‌ಡಿ ಮಾಡ್ ಎಂಬ ಅಭಿಮಾನಿಗಳ ತಿದ್ದುಪಡಿ ಅದರ ಜೊತೆಗೇ ಬರುವುದರಿಂದ ದೊಡ್ಡ ಸ್ಕ್ರೀನ್ ಚಿಂತೆಯೂ ಇಲ್ಲ. ಹೆಸರು ಗಮನಿಸಿ: ಎಚ್‌ಡಿ ಮಾಡ್ ಬೇರೆ, ಯೂಬಿಸಾಫ್ಟ್‌ನ ಎಚ್‌ಡಿ ಆವೃತ್ತಿ ಬೇರೆ. ಈ ವಿಸ್ತರಣೆ ಎಚ್‌ಡಿ ಆವೃತ್ತಿಯ ಮೇಲೆ ಕೂರುವುದಿಲ್ಲ. ಸ್ಟೀಮ್‌ನ ಸೇಲ್‌ನಲ್ಲಿ ಕಡಿಮೆಗೆ ಸಿಕ್ಕಿತು ಅಂತ ತಪ್ಪನ್ನು ಕೊಳ್ಳಬೇಡಿ.

ಫೋನ್ ಅಥವಾ ಮ್ಯಾಕ್‌ನಲ್ಲಿ ಆಡುವವರಿಗೆ ವಿಸಿಎಂಐ ಎಂಬ ಓಪನ್ ಸೋರ್ಸ್ ಎಂಜಿನ್ ಇದೆ. ಕೊಂಡ ಗೇಮ್‌ನ ಫೈಲ್‌ಗಳನ್ನು ಅದಕ್ಕೆ ತೋರಿಸಿದರೆ ಸಾಕು. ಹೀರೋಸ್ 2ಕ್ಕೆ ಎಫ್‌ಹೀರೋಸ್2 ಇದೇ ಕೆಲಸ ಮಾಡುತ್ತದೆ. ಇನ್ನೊಂದು ಮಾತು: ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು ಆಡುವವರು ಮೂರು ಜನ ಇದ್ದರೆ ಈ ಪಟ್ಟಿಯಲ್ಲಿ ಹೀರೋಸ್‌ಗೆ ಸಮ ಇನ್ನೊಂದಿಲ್ಲ. ಹಾಟ್ ಸೀಟ್‌ನಲ್ಲಿ ಸರದಿ ಪ್ರಕಾರ ಕೂತು ಎಂಟು ಜನರವರೆಗೂ ಆಡಬಹುದು.

ರೆಡ್ ಅಲರ್ಟ್ ಮನೆತನ

ಇಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ವೆಸ್ಟ್‌ವುಡ್ ಮಾಡಿದ ಕಮಾಂಡ್ ಅಂಡ್ ಕಾಂಕರ್ 1995ರದ್ದು, ರೆಡ್ ಅಲರ್ಟ್ 1996ರದ್ದು, ಟೈಬೀರಿಯನ್ ಸನ್ 1999ರದ್ದು. ಈ ಮೂರನ್ನೂ ಇವುಗಳ ಹಕ್ಕು ಇರುವ ಇಎ ಕಂಪನಿ 2007, 2008, 2010ರಲ್ಲಿ ಒಂದೊಂದಾಗಿ ಉಚಿತ ಮಾಡಿತು. ಅಂದರೆ ಇವನ್ನು ಆಡಲು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಆದರೂ 2020ರ ಜೂನ್‌ನಲ್ಲಿ ಮೊದಲ ಎರಡರ ರಿಮಾಸ್ಟರ್ ಬಂತು, ಜನ ಕೊಂಡರು.

ಆ ರಿಮಾಸ್ಟರನ್ನು ನಾನು ಮೆಚ್ಚುತ್ತೇನೆ. ಹಳೇ ವೆಸ್ಟ್‌ವುಡ್‌ನವರು ಕಟ್ಟಿದ ಪೆಟ್ರೋಗ್ಲಿಫ್ ಇದನ್ನು ಮಾಡಿತು. ಆಟದ ಒಳಗಿನ ಲೆಕ್ಕ ಹಳೆಯದೇ, ಮೇಲಿನ ಚಿತ್ರ ಹೊಸದು. ಒಬ್ಬರೇ ಆಡುವಾಗ ಸ್ಪೇಸ್ ಬಾರ್ ಒತ್ತಿದರೆ ಆಟ ನಡೆಯುತ್ತಿರುವಾಗಲೇ ಹಳೇ ಚಿತ್ರಕ್ಕೆ ಬದಲಾಗುತ್ತದೆ, ಮತ್ತೆ ಒತ್ತಿದರೆ ಹೊಸದಕ್ಕೆ. ಫ್ರಾಂಕ್ ಕ್ಲೆಪಾಕಿ ತಮ್ಮದೇ ಹಳೇ ಸಂಗೀತವನ್ನು ಹೊಸದಾಗಿ ನುಡಿಸಿ ಕೊಟ್ಟರು. ಇಎ ಆಟದ ಮುಖ್ಯ ಕೋಡನ್ನು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಪರವಾನಗಿಯಲ್ಲಿ ಹೊರಗೂ ಬಿಟ್ಟಿತು. ಹಳೇ ಕ್ಯಾಂಪೇನನ್ನು ಹಳೇ ರೀತಿಯಲ್ಲೇ ಆಡಬೇಕು, ಆದರೆ ಕಣ್ಣಿಗೆ ನೋವಾಗಬಾರದು ಅನ್ನುವವರು ಇದನ್ನೇ ತಗೊಳ್ಳಿ. ವಿಸ್ತರಣೆಗಳೂ ಸೇರಿಯೇ ಇವೆ.

ಓಪನ್‌ಆರ್‌ಎ ಬೇರೆ ದಿಕ್ಕಿನದು. 2007ರಲ್ಲಿ ಶುರುವಾದ ಈ ಎಂಜಿನ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಸಿಡಿ ಇಲ್ಲದಿದ್ದರೆ ಬೇಕಾದ ಫೈಲ್‌ಗಳನ್ನು ತಾನೇ ಇಳಿಸಿಕೊಳ್ಳುತ್ತದೆ. ರೆಡ್ ಅಲರ್ಟ್, ಮೊದಲ ಕಮಾಂಡ್ ಅಂಡ್ ಕಾಂಕರ್, ಡ್ಯೂನ್ 2000 ಮೂರೂ ಅದರಲ್ಲಿವೆ. ಆದರೆ ಇದು ಹಳೇ ಗೇಮ್‌ನ ನಕಲಲ್ಲ, ಈ ಕಾಲಕ್ಕೆ ತಿದ್ದಿದ ಗೇಮ್. ನೋಡಿ ಬಂದ ಜಾಗದ ಮೇಲೂ ಮಬ್ಬು ಕವಿಯುತ್ತದೆ. ಕೊಂದಷ್ಟೂ ಸೈನಿಕರಿಗೆ ಬಡ್ತಿ ಸಿಗುತ್ತದೆ. ದಾರಿಯಲ್ಲಿ ಎದುರಾದವರ ಮೇಲೆ ಗುಂಡು ಹಾರಿಸುತ್ತಾ ಮುಂದೆ ಹೋಗಿ ಅಂತ ಆಜ್ಞೆ ಕೊಡಬಹುದು. ಮೂಲ ಗೇಮ್‌ನಲ್ಲಿ ಟ್ಯಾಂಕ್ ಗುಡ್ಡೆ ಹಾಕಿ ನುಗ್ಗಿಸಿದರೆ ಕೆಲಸ ಮುಗಿಯುತ್ತಿತ್ತು, ಇಲ್ಲಿ ಅದು ನಡೆಯಲ್ಲ. ಮೂಲದ ಮಿಷನ್‌ಗಳೆಲ್ಲ ಇದರಲ್ಲಿಲ್ಲ. ಹಾಗಾಗಿ ಕತೆ ಬೇಕಾದವರಿಗೆ ರಿಮಾಸ್ಟರ್, ಗೆಳೆಯರ ಜೊತೆ ಗುದ್ದಾಡಬೇಕಾದವರಿಗೆ ಓಪನ್‌ಆರ್‌ಎ. ಎರಡರ ನಡುವೆ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಓಪನ್‌ಆರ್‌ಎ ಇಟ್ಟುಕೊಳ್ಳುತ್ತೇನೆ. ನನ್ನ ಮೊದಲ ಮಾತಿಗೆ ಇದು ಪೂರ್ತಿ ಹೊಂದಲ್ಲ, ಗೊತ್ತು. ಜನರ ಜೊತೆ ಆಡಲು ಉಚಿತವಾದದ್ದೇ ಮೇಲು ಅನ್ನಿಸುವುದು ಇಲ್ಲೊಂದೇ ಕಡೆ.

ನಮ್ಮಲ್ಲಿ ಹೆಚ್ಚು ಜನ ಕೇಳುವುದು ರೆಡ್ ಅಲರ್ಟ್ 2. 2000ದ್ದು, ಮರುವರ್ಷ ಯೂರೀಸ್ ರಿವೆಂಜ್ ಬಂತು. ಇದಕ್ಕೆ ರಿಮಾಸ್ಟರ್ ಇಲ್ಲ. ಓಪನ್‌ಆರ್‌ಎಯಲ್ಲಿ ಇದನ್ನು ತರುವ ಕೆಲಸ ಇನ್ನೂ ಮುಗಿದಿಲ್ಲ. 2024ರ ಮಾರ್ಚ್‌ನಿಂದ ಸ್ಟೀಮ್‌ನಲ್ಲಿ ಸಿಗುತ್ತಿದೆ. ಅದನ್ನು ಕೊಂಡು ಸಿಎನ್‌ಸಿನೆಟ್ ಎಂಬ ಅಭಿಮಾನಿಗಳ ಉಚಿತ ಆನ್‌ಲೈನ್ ವ್ಯವಸ್ಥೆ ಹಾಕಿಕೊಳ್ಳುವುದೇ ಸರಿಯಾದ ದಾರಿ. ಹಳೇ ಗೇಮ್‌ನ ಲ್ಯಾನ್ ಆಟ ಐಪಿಎಕ್ಸ್ ಎಂಬ ಹಳೇ ಪ್ರೋಟೋಕಾಲ್ ಬೇಡುತ್ತದೆ. ವಿಂಡೋಸ್ ವಿಸ್ಟಾದಿಂದಲೇ ಅದನ್ನು ಕೈಬಿಟ್ಟಿದೆ. ಸಿಎನ್‌ಸಿನೆಟ್ ಆ ತಂಟೆಯನ್ನೇ ಇಲ್ಲದಂತೆ ಮಾಡುತ್ತದೆ, ಜೊತೆಗೆ ಆಡಲು ಜನರನ್ನೂ ಕೊಡುತ್ತದೆ. ಏನೂ ಇನ್‌ಸ್ಟಾಲ್ ಮಾಡಲು ಇಷ್ಟವಿಲ್ಲದವರಿಗೆ ಕ್ರೋನೋ ಡಿವೈಡ್ ಇದೆ. ಗೇಮ್‌ನ ಮೂಲ ಫೈಲ್ ಕೊಟ್ಟರೆ ಬ್ರೌಸರ್‌ನಲ್ಲೇ ರೆಡ್ ಅಲರ್ಟ್ 2 ತೆರೆದುಕೊಳ್ಳುತ್ತದೆ.

ಜನರಲ್ಸ್ ಆಡುವವರಿಗೆ ಒಂದೇ ಸೂಚನೆ. ತೆರೆದ ತಕ್ಷಣ ಮುಚ್ಚಿಹೋದರೆ ಗಾಬರಿಯಾಗಬೇಡಿ, ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಆಪ್ಷನ್ಸ್ ಫೈಲ್ ಇಲ್ಲದಿರುವುದೇ ಹೆಚ್ಚಾಗಿ ಕಾರಣ. ಜೆನ್‌ಪ್ಯಾಚರ್ ಎಂಬ ಸಲಕರಣೆ ಇದನ್ನೂ ಇನ್ನೂ ಹತ್ತು ತೊಂದರೆಗಳನ್ನೂ ಒಂದೇ ಸಲಕ್ಕೆ ಸರಿಮಾಡುತ್ತದೆ. 2025ರ ಫೆಬ್ರವರಿಯಲ್ಲಿ ಇಎ ಇದರ ಸೋರ್ಸ್ ಕೋಡನ್ನೂ ಬಿಟ್ಟಿದೆ. ಹಾಗಾಗಿ ಮುಂದೆ ಇನ್ನೂ ಸುಲಭವಾಗುತ್ತದೆ.

ಸ್ಟಾರ್‌ಕ್ರಾಫ್ಟ್ ಮತ್ತು ವಾರ್‌ಕ್ರಾಫ್ಟ್

ಸ್ಟಾರ್‌ಕ್ರಾಫ್ಟ್ ವಿಷಯದಲ್ಲಿ ಯೋಚನೆಯೇ ಬೇಡ. 1998ರ ಮೂಲ ಗೇಮ್ ಮತ್ತು ಬ್ರೂಡ್ ವಾರ್ 2017ರಿಂದ ಉಚಿತ. ಬ್ಲಿಝಾರ್ಡ್‌ನ ಬ್ಯಾಟಲ್‌ನೆಟ್‌ನಿಂದ ಇಳಿಸಿಕೊಳ್ಳಬಹುದು. ಅದೇ ವರ್ಷ ಬಂದ ರಿಮಾಸ್ಟರ್ಡ್ ಅಂದರೆ ಅದೇ ಗೇಮ್‌ಗೆ ಹೊಸ ಚಿತ್ರ, ಹೊಸ ಸದ್ದು. ಆಟದ ನಡೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಉಚಿತದವರೂ ದುಡ್ಡು ಕೊಟ್ಟವರೂ ಒಟ್ಟಿಗೆ ಆಡಬಹುದು. ಮೊದಲು ಉಚಿತದ್ದು ಆಡಿ, ಚಿತ್ರ ಮಸುಕು ಅನ್ನಿಸಿದರೆ ಆಮೇಲೆ ಕೊಂಡರಾಯಿತು. ರಿಮಾಸ್ಟರ್ ಅಂದರೆ ಹೀಗಿರಬೇಕು.

ಹೇಗಿರಬಾರದು ಅನ್ನುವುದಕ್ಕೂ ಅದೇ ಮನೆಯಲ್ಲಿ ಉದಾಹರಣೆ ಇದೆ. 2002ರ ವಾರ್‌ಕ್ರಾಫ್ಟ್ 3ಕ್ಕೆ 2020ರ ಜನವರಿಯಲ್ಲಿ ರೀಫೋರ್ಜ್ಡ್ ಬಂತು. ತೋರಿಸಿದ್ದಷ್ಟು ಬರಲಿಲ್ಲ ಅನ್ನುವುದು ಒಂದು ದೂರು. ಅದಕ್ಕಿಂತ ದೊಡ್ಡ ದೂರು, ಹಳೇ ಗೇಮ್ ಇಟ್ಟುಕೊಂಡು ಆನ್‌ಲೈನ್ ಆಡುತ್ತಿದ್ದವರ ಮೇಲೂ ಹೊಸ ಆವೃತ್ತಿಯೇ ಬಂದು ಕೂತಿದ್ದು. ಶುರುವಿನಲ್ಲಿ ರ್‍ಯಾಂಕಿಂಗ್ ಪಟ್ಟಿ, ಕ್ಲಾನ್, ಆಟಗಾರರೇ ಮಾಡಿದ ಕ್ಯಾಂಪೇನ್‌ಗಳು ಯಾವುವೂ ಇರಲಿಲ್ಲ. ಗಲಾಟೆ ಜೋರಾಗಿ ಕಂಪನಿ ಕೇಳಿದವರಿಗೆ ದುಡ್ಡು ವಾಪಸ್ ಕೊಟ್ಟಿತು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸುಧಾರಿಸಿದೆ. ಆನ್‌ಲೈನ್ ಆಡುವವರು ಈಗ ಅದನ್ನೇ ಬಳಸುತ್ತಾರೆ. ಬರೀ ಕ್ಯಾಂಪೇನ್ ಆಡಲು ಹಳೇ ಸಿಡಿ ಇದ್ದವರು ಅದನ್ನೇ ಆಫ್‌ಲೈನ್‌ನಲ್ಲಿ ಆಡಿಕೊಳ್ಳಿ, ಕಳೆದುಕೊಳ್ಳುವುದು ಏನೂ ಇಲ್ಲ.

ವಾರ್‌ಕ್ರಾಫ್ಟ್ 1 ಮತ್ತು 2 ಜಿಒಜಿಯಲ್ಲಿ 2019ರಿಂದ ಸಿಗುತ್ತಿದ್ದವು. 2024ರ ನವೆಂಬರ್‌ನಲ್ಲಿ ಎರಡರ ರಿಮಾಸ್ಟರ್ ಬಂದ ಮೇಲೆ, ಡಿಸೆಂಬರ್‌ನಲ್ಲಿ ಹಳೆಯವನ್ನು ಅಲ್ಲಿಂದ ತೆಗೆದರು. ಕೊಂಡಿದ್ದವರಿಗೆ ಅದು ಉಳಿದಿದೆ. ಕೊಳ್ಳೋಣ ಅಂದುಕೊಂಡು ಮುಂದೂಡಿದವರಿಗೆ ಇಲ್ಲ. ಯಾವುದಾದರೂ ಹಳೇ ಗೇಮ್‌ಗೆ ರಿಮಾಸ್ಟರ್ ಬರುತ್ತಿದೆ ಅಂತ ಸುದ್ದಿ ಬಂದ ಕೂಡಲೇ ಹಳೆಯದನ್ನು ಕೊಂಡಿಟ್ಟುಕೊಳ್ಳುವುದು ಜಾಣತನ.

ಊರು ಕಟ್ಟುವ, ರೈಲು ಬಿಡುವ, ಸಾಮ್ರಾಜ್ಯ ಬೆಳೆಸುವ ಗೇಮ್‌ಗಳು

ಈ ಸಾಲಿನಲ್ಲಿ ಓಪನ್ ಸೋರ್ಸ್ ಎಂಜಿನ್‌ಗಳದ್ದೇ ರಾಜ್ಯ. ಕ್ರಿಸ್ ಸಾಯರ್ ಅವರ ಟ್ರಾನ್ಸ್‌ಪೋರ್ಟ್ ಟೈಕೂನ್ ಆಡಿದವರು ಓಪನ್‌ಟಿಟಿಡಿ ಇಳಿಸಿಕೊಳ್ಳಿ. ಬೇರೆ ಆಯ್ಕೆ ನೋಡುವುದು ಸಮಯ ಹಾಳು. 2004ರಿಂದ ಬೆಳೆಯುತ್ತಾ ಬಂದಿದೆ, ಉಚಿತ. ಚಿತ್ರ, ಸದ್ದು ಕೂಡ ಅಭಿಮಾನಿಗಳು ಹೊಸದಾಗಿ ಮಾಡಿದ್ದರಿಂದ ಮೂಲ ಗೇಮ್ ಇಲ್ಲದೆಯೂ ಓಡುತ್ತದೆ. ಮೂಲದ ನಕ್ಷೆ ಒಂದು ಬದಿಗೆ 256 ಚೌಕ, ಇಲ್ಲಿ 4096ರವರೆಗೂ ಹೋಗಬಹುದು. ಅಷ್ಟು ದೊಡ್ಡದು ಮಾಡಿಕೊಂಡರೆ ಆಟ ಮುಗಿಯುವುದಿಲ್ಲ, ಅದು ಬೇರೆ.

ಸೀಸರ್ 3ಕ್ಕೆ ಎರಡು ಎಂಜಿನ್‌ಗಳಿವೆ, ಹೆಸರೇ ಚೆಂದ. ಜೂಲಿಯಸ್ ಎಂಬುದು 1998ರ ಆಟವನ್ನು ಇದ್ದ ಹಾಗೇ ಇಟ್ಟು ದೊಡ್ಡ ಸ್ಕ್ರೀನ್‌ಗೆ ತರುತ್ತದೆ. ಅಗಸ್ಟಸ್ ಎಂಬುದು ಆಟವನ್ನೂ ತಿದ್ದುತ್ತದೆ. ಬೇಕಾದ ಬೀದಿಗೆ ಹೋಗದೆ ಎಲ್ಲೆಲ್ಲೋ ಅಲೆಯುವ ಜನರನ್ನು ತಡೆಯಲು ರಸ್ತೆಗೆ ಅಡ್ಡಗಟ್ಟೆ ಹಾಕಬಹುದು. ಮೂಲದಲ್ಲಿ ಅದಿಲ್ಲದೆ ಒದ್ದಾಡಿದವರಿಗೆ ಅಗಸ್ಟಸ್ ಬಿಟ್ಟು ಹಿಂದಕ್ಕೆ ಹೋಗಲು ಮನಸ್ಸು ಬರಲ್ಲ. ಎರಡಕ್ಕೂ ಮೂಲ ಗೇಮ್ ಕೊಂಡಿರಬೇಕು. ರೋಲರ್‌ಕೋಸ್ಟರ್ ಟೈಕೂನ್ 2ಕ್ಕೆ ಓಪನ್‌ಆರ್‌ಸಿಟಿ2 ಕೂಡ ಹೀಗೇ.

ಸಿವಿಲೈಸೇಶನ್‌ನಲ್ಲಿ ಮೊದಲ ಎರಡು ಗೇಮ್‌ಗಳದ್ದೇ ಕಷ್ಟ. ಮೊದಲನೆಯದು ಕೈಯಲ್ಲಿದ್ದರೆ ಡಾಸ್‌ಬಾಕ್ಸ್ ಸಾಕು. ಎರಡನೆಯದರ 16-ಬಿಟ್ ಆವೃತ್ತಿಗೆ ವೈನ್‌ವಿಡಿಎಂ ಎಂಬುದನ್ನು ಹಾಕಿದರೆ 64-ಬಿಟ್ ವಿಂಡೋಸ್‌ನಲ್ಲೂ ಓಡುತ್ತದೆ. ಮಲ್ಟಿಪ್ಲೇಯರ್ ಗೋಲ್ಡ್ ಆವೃತ್ತಿ 32-ಬಿಟ್, ಅದಕ್ಕೆ ಬೇರೆ ಪ್ಯಾಚ್ ಸಿಗುತ್ತದೆ. ಇಷ್ಟೆಲ್ಲ ಬೇಡ, ಅದೇ ರುಚಿ ಸಾಕು ಅನ್ನುವವರಿಗೆ ಫ್ರೀಸಿವ್. ಡೆನ್ಮಾರ್ಕ್‌ನ ಆರ್ಹಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1990ರ ದಶಕದ ನಡುವೆ ಶುರು ಮಾಡಿದ್ದು, ಇಂದಿಗೂ ನಡೆಯುತ್ತಿದೆ. ಮೊದಲ ಸಿವಿಲೈಸೇಶನ್‌ನ ನಿಯಮ ಬೇಕೋ ಎರಡನೆಯದ್ದು ಬೇಕೋ ಆರಿಸಿಕೊಳ್ಳಬಹುದು. ನೋಡಲು ಸಪ್ಪೆ, ಅದನ್ನು ಮುಚ್ಚಿಡಲ್ಲ. ಫೋನ್‌ನಲ್ಲಿ ಆಡುವವರಿಗೆ ಅನ್‌ಸಿವ್ ಇದೆ. ಅದು ಐದನೇ ಸಿವಿಲೈಸೇಶನ್‌ನ ದಾರಿ ಹಿಡಿದದ್ದು, ಉಚಿತ, ಜಾಹೀರಾತಿಲ್ಲ. ಮೂರನೆಯದನ್ನು ಕೊಳ್ಳುವವರು ಅದರ ಐಎನ್‌ಐ ಫೈಲ್‌ನಲ್ಲಿ ಕೀಪ್‌ರೆಸ್ ಎಂಬ ಸಾಲು ಸೇರಿಸಿ 1 ಅಂತ ಕೊಟ್ಟರೆ ಅಗಲ ಸ್ಕ್ರೀನ್ ಬರುತ್ತದೆ.

ಮ್ಯಾಕ್, ಲಿನಕ್ಸ್

ಮ್ಯಾಕ್‌ನವರ ಪಾಡು ಸ್ವಲ್ಪ ಕಷ್ಟ. 2019ರ ಕ್ಯಾಟಲಿನಾದಿಂದ ಮ್ಯಾಕ್‌ನಲ್ಲಿ 32-ಬಿಟ್ ಪ್ರೋಗ್ರಾಂಗಳೇ ಓಡುವುದಿಲ್ಲ. ಆಗ ಮ್ಯಾಕ್‌ಗೆ ಅಂತಲೇ ಬಂದಿದ್ದ ಹಳೇ ಗೇಮ್‌ಗಳೆಲ್ಲ ಒಂದೇ ಏಟಿಗೆ ಹೋದವು. ಕ್ರಾಸ್‌ಓವರ್ ಎಂಬುದು ವಿಂಡೋಸ್ ಗೇಮ್‌ಗಳನ್ನು ಓಡಿಸುತ್ತದೆ, ಆದರೆ ದುಡ್ಡು ಕೊಡಬೇಕು. ಅದಕ್ಕಿಂತ ಓಪನ್‌ಆರ್‌ಎ, ಓಪನ್‌ಟಿಟಿಡಿ, ವಿಸಿಎಂಐ ಥರದವನ್ನೇ ಆರಿಸಿಕೊಳ್ಳಿ. ಅವು ಮ್ಯಾಕ್‌ಗೆ ನೇರವಾಗಿ ಬರುತ್ತವೆ.

ಲಿನಕ್ಸ್‌ನಲ್ಲಿ ತಮಾಷೆ ಇದೆ. ವಿಂಡೋಸ್‌ನ ಹಳೇ ಗೇಮ್‌ಗಳು ಇವತ್ತಿನ ವಿಂಡೋಸ್‌ಗಿಂತ, ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್‌ನಲ್ಲೇ ಕೆಲವು ಸಲ ಚೆನ್ನಾಗಿ ಓಡುತ್ತವೆ. 64-ಬಿಟ್ ವಿಂಡೋಸ್ ಮುಟ್ಟದ 16-ಬಿಟ್ ಪ್ರೋಗ್ರಾಂಗಳನ್ನೂ ವೈನ್ ಓಡಿಸುತ್ತದೆ. ಸ್ಟೀಮ್‌ನಲ್ಲಿ ಕೊಂಡ ಗೇಮ್‌ಗಾದರೆ ಪ್ರೋಟಾನ್ ಎಂಬ ಇಂಥದ್ದೇ ಸಲಕರಣೆ ಇದ್ದೇ ಇದೆ, ಒಂದು ಟಿಕ್ ಹಾಕಿದರೆ ಮುಗಿಯಿತು. ಮನೆಯಲ್ಲಿ ವಿಂಡೋಸ್ 11 ಹಿಡಿಸದ ಹಳೇ ಲ್ಯಾಪ್‌ಟಾಪ್ ಬಿದ್ದಿದ್ದರೆ ಲಿನಕ್ಸ್ ಹಾಕಿ ಇದಕ್ಕೇ ಇಡಿ.

ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗೆ ಕಟ್ಟಿದ ಕಂಪ್ಯೂಟರ್, ಅದರೊಳಗೆ ವಿಂಡೋಸ್ ಎಕ್ಸ್‌ಪಿ ಹಾಕಿ ಆಡುವುದು ಕೊನೆಯ ದಾರಿ. 2ಡಿ ಗೇಮ್‌ಗೆ ಪರವಾಗಿಲ್ಲ, 3ಡಿಗೆ ತಿಣುಕುತ್ತದೆ. 86ಬಾಕ್ಸ್ ಇನ್ನೂ ಆಳಕ್ಕೆ ಹೋಗಿ ಆ ಕಾಲದ ಮದರ್‌ಬೋರ್ಡ್‌ನಿಂದ ಹಿಡಿದು ಎಲ್ಲವನ್ನೂ ಕಟ್ಟಿಕೊಡುತ್ತದೆ. ಬಯೋಸ್ ಪರದೆ ನೋಡಿ ಖುಷಿಪಡುವವರಿಗೆ ಅದು. ಗೇಮ್ ಆಡಬೇಕಾದವರಿಗೆ ಅಲ್ಲ.

ಕೊಳ್ಳುವ ಮುಂಚೆ

ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲಿದೆ. ಬೇಸಿಗೆ ಮತ್ತು ಚಳಿಗಾಲದ ಸೇಲ್‌ನಲ್ಲಿ ಹಳೇ ಗೇಮ್‌ಗಳ ಬೆಲೆ ತುಂಬಾ ಇಳಿಯುತ್ತದೆ, ಕಾಯುವುದು ಲಾಭ. ಜಿಒಜಿಯಲ್ಲಿ ಕೊಳ್ಳುವುದಾದರೆ ನಿಮ್ಮ ಕಾರ್ಡ್‌ನಲ್ಲಿ ವಿದೇಶಿ ಪಾವತಿ ಆನ್ ಆಗಿದೆಯೇ ಅಂತ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ. ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಎರಡೂ ಕಡೆ ಒಂದೇ ಗೇಮ್ ಇದ್ದರೆ, ಆನ್‌ಲೈನ್ ಆಡಲ್ಲ ಅನ್ನುವವರಿಗೆ ನನ್ನ ಮತ ಜಿಒಜಿಗೆ. ಸೆಟಪ್ ಫೈಲ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಂಡರೆ ಅಂಗಡಿ ಇರಲಿ ಬಿಡಲಿ ಗೇಮ್ ನಿಮ್ಮದು. ಡಾಸ್‌ಬಾಕ್ಸ್ ಬೇಕಾದ ಗೇಮ್‌ಗೆ ಅವರೇ ಅದನ್ನು ಜೋಡಿಸಿ ಕೊಡುತ್ತಾರೆ.

ಅಬಂಡನ್‌ವೇರ್ ಅಂತ ಹಳೇ ಗೇಮ್‌ಗಳನ್ನು ಸುಮ್ನೆ ಹಂಚುವ ಜಾಗಗಳಿವೆ. ಕಾನೂನಿನಲ್ಲಿ ಹಾಗೊಂದು ವರ್ಗವೇ ಇಲ್ಲ, ಮಾರಾಟ ನಿಂತ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಅದಕ್ಕಿಂತ ಹತ್ತಿರದ ಭಯ, ಯಾರೋ ಕಟ್ಟಿದ ಇಎಕ್ಸ್‌ಇ ಫೈಲ್ ಒಳಗೆ ಏನಿದೆಯೋ ಅನ್ನುವುದು. ಆ್ಯಂಟಿವೈರಸ್ ನಿಲ್ಲಿಸಿ ಓಡಿಸಿ ಅಂತ ಬರೆದಿದ್ದರೆ ಅಲ್ಲಿಗೇ ಮುಚ್ಚಿ.

ಸಿಡಿ ಇಟ್ಟುಕೊಂಡವರು ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ಎರವಲು ತಂದು ಈಗಲೇ ಸಿಡಿಯ ಇಮೇಜ್ (ಪೂರ್ತಿ ನಕಲಿನ ಫೈಲ್) ಮಾಡಿಟ್ಟುಕೊಳ್ಳಿ. ಸಿಡಿಗಳು ಹಾಗೇ ಇಟ್ಟರೂ ಹಾಳಾಗುತ್ತವೆ. ಸಾಮಾನ್ಯ ಸಿಡಿಗೆ ಐಎಸ್‌ಒ ಸಾಕು, ವಿಂಡೋಸ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿದರೆ ಡ್ರೈವ್ ಥರ ತೆರೆದುಕೊಳ್ಳುತ್ತದೆ. ಆದರೆ ವಾರ್‌ಕ್ರಾಫ್ಟ್ 2, ಹೀರೋಸ್ 2, ಟೋಟಲ್ ಅನಿಹಿಲೇಶನ್ ಥರದ ಗೇಮ್‌ಗಳು ಹಾಡುಗಳನ್ನು ಆಡಿಯೋ ಸಿಡಿಯ ಹಾಗೆ ಬೇರೆ ಟ್ರ್ಯಾಕ್‌ಗಳಲ್ಲಿ ಇಟ್ಟಿವೆ. ಐಎಸ್‌ಒ ಮಾಡಿದರೆ ಅವು ಬಿಟ್ಟುಹೋಗುತ್ತವೆ. ಅವಕ್ಕೆ ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲ್ ಮಾಡಬೇಕು. ಸಿಡಿ ಕೀ ಅಂಟಿಸಿರುವ ಕವರ್‌ನ ಫೋಟೋ ತೆಗೆದು ಅದೇ ಫೋಲ್ಡರ್‌ನಲ್ಲಿ ಹಾಕಿ.